ಸರ್ಟಿಫಿಕೇಟ್ ಮಾಡಿಸಿಕೊಡುವವರು: ಐದಕ್ಕೆ ಎರಡೂವರೆ

ಮೊದಲೇ ಹೇಳಿಬಿಡುತ್ತೇನೆ, ಹುಡುಗ ಒಳ್ಳೆಯವನು. ಅಂಕ ಕಡಿಮೆ ಕೊಟ್ಟಿರುವುದು ಅವನಿಗಲ್ಲ, ತೋಟಕ್ಕೆ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ ಅಂತ ಅವನನ್ನು ಕಳಿಸಿದ ಕನ್ಸಲ್ಟೆನ್ಸಿಗೆ. ಹೆಸರು ಬೇಡ, ಇಂಥವರು ಈಗ ಊರೂರಿಗೆ ಬರುತ್ತಿದ್ದಾರೆ.

ನಾವು ಮೂಡಿಗೆರೆ ಕಡೆಯ ಐದು ಜನ ಸಣ್ಣ ಬೆಳೆಗಾರರು. ಒಬ್ಬೊಬ್ಬರೇ ಮಾಡಿಸಿದರೆ ಖರ್ಚು ಮೈಮೇಲೆ ಬರುತ್ತದೆ ಅಂತ ಗುಂಪಾಗಿ ಸೇರಿಕೊಂಡೆವು. ಕಾಫಿಗೆ ರೇನ್‌ಫಾರೆಸ್ಟ್ ಅಲಯನ್ಸ್, ಪರಿಸರ ಕಾಪಾಡಿಕೊಂಡು ಬೆಳೆದದ್ದು ಅಂತ ಹೇಳುವ ಅದೇ ಕಪ್ಪೆ ಚಿತ್ರದ ಸೀಲು. ಸಿಲ್ವರ್ ಓಕ್ ಮರಕ್ಕೆ, ಕಾಡು ಹಾಳು ಮಾಡದೆ ಬೆಳೆದ ಮರ ಅನ್ನುವ ಎಫ್‌ಎಸ್‌ಸಿ. 1993ರಲ್ಲಿ ಶುರುವಾದದ್ದಂತೆ ಅದು, ನೋಟ್‌ಬುಕ್ಕಿನ ಹಿಂದೆ ಮರದ ಜೊತೆ ಟಿಕ್ ಮಾರ್ಕ್ ಇರುವ ಗುರುತು ನೋಡಿರುತ್ತೀರಿ. ತಲಾ ಹದಿನೆಂಟು ಸಾವಿರ, ಅರ್ಧ ಮುಂಗಡ.

ಕೆಲಸ ಮಾಡಿದ್ದರಲ್ಲಿ ಮೋಸ ಇಲ್ಲ. ಆಗಸ್ಟ್ ಮಳೆಯಲ್ಲಿ ಹುಡುಗ ಮೊಬೈಲ್ ಹಿಡಿದು ಐದೂ ತೋಟದ ಬೇಲಿ ಸುತ್ತಿ ನಕ್ಷೆ ಮಾಡಿದ, ಕಾಲಿಗೆ ಹತ್ತಿದ ಉಂಬಳ ಕೀಳುತ್ತಲೇ. ನೆರಳು ಮರ ಎಣಿಸಿದ, ಔಷಧಿ ಹೊಡೆದ ದಿನ ಬರೆದಿಡುವ ಪುಸ್ತಕ ಕೊಟ್ಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನೀರು ಹಳ್ಳಕ್ಕೆ ಬಿಡಬೇಡಿ ಅಂತ ಹೇಳಿದ, ಅದು ನಮಗೂ ಗೊತ್ತು, ಆದರೂ ಹೇಳಿಸಿಕೊಳ್ಳುವ ಹಾಗೇ ಇದ್ದೆವು.

ಎಡವಟ್ಟು ಆಗಿದ್ದು ಜಾಗದ ವಿಷಯದಲ್ಲಿ. ನನ್ನ ತೋಟದ ಮೇಲ್ತುದಿಯಲ್ಲಿ ಒಂದೂವರೆ ಎಕರೆ ಪಹಣಿಯಲ್ಲಿ ಇಲ್ಲ. ಅಪ್ಪನ ಕಾಲದಿಂದ ಸಾಗುವಳಿ ನಮ್ಮದೇ, ಸಕ್ರಮ ಮಾಡಿಕೊಡಿ ಅಂತ ಫಾರಂ 57 ಹಾಕಿದ್ದೇನೆ, ಇನ್ನೂ ಮಂಜೂರಾಗಿಲ್ಲ. ಮೊದಲ ದಿನವೇ ಹೇಳಿದ್ದೆ. 'ಪರವಾಗಿಲ್ಲ ಸರ್, ಅರ್ಜಿ ಹಾಕಿದ ಚೀಟಿ ಇದ್ದರೆ ಸಾಕು, ಎಲ್ಲರದ್ದೂ ಹೀಗೇ ಇರುತ್ತೆ' ಅಂದಿದ್ದರು ಆಫೀಸಿನಿಂದ.

ಜನವರಿಯಲ್ಲಿ, ಹಣ್ಣು ಕೊಯ್ಲು ಜೋರಾಗಿದ್ದಾಗ, ಆಡಿಟ್‌ಗೆ ಸರ್ಟಿಫಿಕೇಟ್ ಕೊಡುವವರ ಕಡೆಯಿಂದ ಒಬ್ಬರು ಮೇಡಂ ಬಂದರು. ನಕ್ಷೆ ಮೇಲೆ ಬೆರಳಿಟ್ಟು ಕೇಳಿದ ಮೊದಲ ಪ್ರಶ್ನೆ, 'ಇದು ಯಾರ ಜಾಗ?' ಗೊಬ್ಬರ, ಕೂಲಿ, ಹಳ್ಳ, ಹಕ್ಕಿ ಎಲ್ಲ ಆಮೇಲೆ. ಚೀಟಿ ತೋರಿಸಿದೆ. 'ಇದು ನೀವು ಕೇಳಿದ್ದಕ್ಕೆ ಸಾಕ್ಷಿ, ಅವರು ಕೊಟ್ಟಿದ್ದಕ್ಕಲ್ಲ' ಅಂದರು. ಸಿಟ್ಟು ಬಂತು, ಆದರೆ ಮಾತು ಸರಿ ಇತ್ತು.

ಆಮೇಲೆ ಕೂತು ಓದಿದ ಮೇಲೆ ತಿಳಿದದ್ದು: ಎಫ್‌ಎಸ್‌ಸಿಯ ಹತ್ತು ತತ್ವಗಳಲ್ಲಿ ಮೊದಲನೆಯದೇ ಕಾನೂನು ಪಾಲನೆ, ಜಾಗದ ಹಕ್ಕು ಬರುವುದು ಅಲ್ಲೇ. ಕಪ್ಪೆ ಸೀಲಿನವರೂ ಅದನ್ನೇ ಕೇಳುತ್ತಾರೆ. ನೆಲ ಸ್ವಂತದ್ದೇ ಆಗಬೇಕು ಅಂತಿಲ್ಲ. ಕೆನಡಾದಲ್ಲಿ ಕಾಡು ಬಹುಪಾಲು ಸರ್ಕಾರದ್ದು, ಬ್ರಿಟಿಷ್ ಕೊಲಂಬಿಯಾದಲ್ಲಿ ಕಂಪನಿಗಳು 25 ವರ್ಷದ ಲೈಸೆನ್ಸ್ ಹಿಡಿದು ಅದೇ ಸರ್ಕಾರಿ ಕಾಡಿನಲ್ಲಿ ಮರ ಕಡಿಯುತ್ತವೆ, ಸರ್ಟಿಫಿಕೇಟನ್ನೂ ಪಡೆಯುತ್ತವೆ. ಅಷ್ಟು ದೂರ ಯಾಕೆ, ಪಕ್ಕದ ಶಿವಮೊಗ್ಗದಲ್ಲಿ ಭದ್ರಾವತಿಯ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ನೆಡುತೋಪಿಗೆ ಕೊಟ್ಟ ಅರಣ್ಯದ ಗುತ್ತಿಗೆಯನ್ನು 2020ರಲ್ಲಿ ಮತ್ತೆ 40 ವರ್ಷಕ್ಕೆ ಮುಂದುವರಿಸಿದರು. ದೊಡ್ಡವರ ಕೈಯಲ್ಲಿ ಕಾಗದ ಇರುತ್ತದೆ. ನಮ್ಮ ಕೈಯಲ್ಲಿ ಚೀಟಿ.

ನಮ್ಮ ಐವರದ್ದೂ ಒಂದೇ ಕಥೆ ಅಲ್ಲ, ಕನ್ಸಲ್ಟೆನ್ಸಿಗೆ ಇದೇ ಗೊತ್ತಾಗಲಿಲ್ಲ. ನನ್ನದು ಕಂದಾಯ ಜಾಗ, ಅರಣ್ಯ ಅಲ್ಲ. 2005 ಜನವರಿ 1ಕ್ಕೆ ಮೊದಲಿಂದ ಪ್ಲಾಂಟೇಶನ್ ಬೆಳೆ ಮಾಡಿಕೊಂಡಿರುವ ಇಂಥ ಸರ್ಕಾರಿ ಜಾಗವನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಬಹುದು ಅಂತ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ಆಗಿದೆ, ಹಾಗಾಗಿ ನನಗೆ ಒಂದು ದಾರಿ ಕಾಣುತ್ತಿದೆ. ಪಕ್ಕದ ತೋಟದ ರಾಮಣ್ಣನ ತುಂಡು ಜಾಗಕ್ಕೆ ಅರಣ್ಯ ಕಾಯ್ದೆಯ ಸೆಕ್ಷನ್ 4 ಆಗಿದೆ. ಸೆಕ್ಷನ್ 4 ಅಂದರೆ ಇದನ್ನು ಮೀಸಲು ಅರಣ್ಯ ಮಾಡುತ್ತೇವೆ ಅನ್ನುವ ಪ್ರಕಟಣೆ, ಸೆಕ್ಷನ್ 17, ಅಂದರೆ ಅಂತಿಮ ಪ್ರಕಟಣೆ, ಆದರೆ ಮುಗಿಯಿತು. ನಡುವೆ ಅರಣ್ಯ ವ್ಯವಸ್ಥಾಪನಾಧಿಕಾರಿ ಜನರ ಹಕ್ಕು ವಿಚಾರಿಸಬೇಕು, ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಅಂದರೆ, ಬುಡಕಟ್ಟಿನವರಲ್ಲದವರು 75 ವರ್ಷದ ವಾಸಕ್ಕೆ ದಾಖಲೆ ತೋರಿಸಬೇಕು. ಇನ್ನೊಬ್ಬರದ್ದು ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯ ಅಂತ ಘೋಷಣೆ ಆಗದಿದ್ದರೂ ಅರಣ್ಯ ಅಂತಲೇ ಲೆಕ್ಕ ಹಿಡಿಯುವ ಜಾಗದ ಪಟ್ಟಿಯಲ್ಲಿ ಇತ್ತು, 2022ರಲ್ಲಿ ಸರ್ಕಾರ ಆ ಪಟ್ಟಿಯನ್ನು 3.30 ಲಕ್ಷ ಹೆಕ್ಟೇರಿಗೆ ಇಳಿಸಿದಾಗ ಪಟ್ಟಿಯಿಂದ ಹೊರಬಂತು, ಅವರಿಗೇ ಗೊತ್ತಿರಲಿಲ್ಲ. ಇದನ್ನೆಲ್ಲ ಬಿಡಿಸಿ ಹೇಳುವವರಿಗೆ ತಾನೇ ಫೀಸು ಕೊಡುವುದು? ಇವರು ಐದೂ ಫೈಲಿನಲ್ಲಿ 'ಅರ್ಜಿ ಸಲ್ಲಿಸಲಾಗಿದೆ' ಅಂತ ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದರು. ಗುಂಪು ಅಂದ ಮೇಲೆ ಒಬ್ಬರದ್ದು ಸಿಕ್ಕಿಕೊಂಡರೆ ಎಲ್ಲರದ್ದೂ ತಡ. ಪಹಣಿ ಸರಿ ಇದ್ದ ಇಬ್ಬರು ಈಗ ನಮ್ಮ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಯುರೋಪಿನ ಹೊಸ ಕಾನೂನು ಬೇರೆ ಇದೆ. 2020 ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅದು ಜಾರಿಯಾದ ಮೇಲೆ ಅಲ್ಲಿಗೆ ಹೋಗುವ ಹಾಗಿಲ್ಲ, ಭೂಬಳಕೆ ಹಕ್ಕೂ ಕಾನೂನಿನ ಪ್ರಕಾರ ಇರಬೇಕು. ಹಾಗಾಗಿ ಸೀಲ್ ಬೇಡ ಅಂತ ಸುಮ್ನೆ ಕೂರುವುದಕ್ಕೂ ಆಗಲ್ಲ.

ನೀವು ಯಾರನ್ನಾದರೂ ಕರೆಸುವುದಾದರೆ, ಮೊದಲ ದಿನ ಪಹಣಿ, ಪೋಡಿ ನಕ್ಷೆ (ಸರ್ವೆ ಮಾಡಿ ಜಾಗ ಬೇರ್ಪಡಿಸಿದ್ದು), ಸಾಗುವಳಿ ಚೀಟಿ (ಅರ್ಜಿಯದಲ್ಲ, ಜಾಗ ಮಂಜೂರಾದ ಮೇಲೆ ಕೊಡುವುದು) ಕೇಳುತ್ತಾರಾ ನೋಡಿ. ಕೇಳದೆ ನೆರಳು ಮರ ಎಣಿಸಲು ಹೊರಟರೆ ಕಾಫಿ ಕುಡಿಸಿ ಕಳಿಸಿ.

ಉಳಿದರ್ಧ ದುಡ್ಡಿಗೆ ಅವರಿಂದ ಫೋನ್ ಬರುತ್ತಲೇ ಇದೆ. ಮೊನ್ನೆ ರಾಮಣ್ಣ ಫೋನ್ ಕಿತ್ತುಕೊಂಡು, 'ದುಡ್ಡು ಮಂಜೂರು ಮಾಡಿ ಅಂತ ಮನೆಯವಳ ಹತ್ತಿರ ಅರ್ಜಿ ಹಾಕಿದ್ದೇನೆ ಮಾರಾಯ್ರೆ, ಬೇಕಾದರೆ ಚೀಟಿ ಕಳಿಸುತ್ತೇನೆ, ಸಾಕಲ್ವಾ?' ಅಂದ.