ಪಿಸಿಇ ಸೂಪರ್‌ಪ್ಲಾಸ್ಟಿಸೈಸರ್: ನೀರು ಕಡಿತ ಮಾಡುವವರಿಗೆ ಮಾತ್ರ

ನೀರು ತಗುಲಿದ ಕೂಡಲೇ ಸಿಮೆಂಟಿನ ಕಣಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ಒಂದಷ್ಟು ನೀರು ಆ ಗುಂಪಿನೊಳಗೇ ಸಿಕ್ಕಿಬೀಳುತ್ತದೆ. ಕಲಸು ಬಿಗಿಯಾಯಿತೆಂದು ಮತ್ತೆರಡು ಬಕೆಟ್ ಸುರಿಯುವುದು ಇದರಿಂದಲೇ. ಪಿಸಿಇ (ಪಾಲಿಕಾರ್ಬಾಕ್ಸಿಲೇಟ್ ಈಥರ್) ಎಂದರೆ ಕಡಿಮೆ ನೀರಿನಲ್ಲೇ ಕಾಂಕ್ರೀಟು ಹರಿಯುವಂತೆ ಮಾಡಲು ಬೆರೆಸುವ ರಾಸಾಯನಿಕ. ಇದರ ಅಣುಗಳು ಕಣದ ಮೈಗೆ ಅಂಟಿಕೊಂಡು, ಬಾಚಣಿಗೆ ಹಲ್ಲಿನಂತೆ ಹೊರಚಾಚಿದ ಎಳೆಗಳಿಂದ ಕಣಗಳನ್ನು ದೂರ ದೂರ ಇಡುತ್ತವೆ. ಸಿಕ್ಕಿಬಿದ್ದ ನೀರು ಬಿಡುಗಡೆಯಾಗಿ ಕಾಂಕ್ರೀಟು ಹರಿಯುತ್ತದೆ.

ಲಾಭವೆಷ್ಟು? ಒಂದು ಘನ ಮೀಟರಿಗೆ 400 ಕಿಲೋ ಸಿಮೆಂಟು, 200 ಲೀಟರ್ ನೀರು ಎಂದಿಟ್ಟುಕೊಳ್ಳಿ. ಶೇ 20ರಷ್ಟು ನೀರು ತೆಗೆದರೆ 160 ಲೀಟರ್, ನೀರು-ಸಿಮೆಂಟಿನ ಅನುಪಾತ 0.50ರಿಂದ 0.40ಕ್ಕೆ ಇಳಿಯುತ್ತದೆ. ಹೆಚ್ಚುವರಿ ನೀರು ಬಿಟ್ಟುಹೋಗುವ ರಂಧ್ರಗಳು ಕಡಿಮೆಯಾಗಿ ಬಲ ಏರುತ್ತದೆ, ನೀರು ಇಂಗುವುದು ತಗ್ಗುತ್ತದೆ. ಮೊದಲಿನಷ್ಟೇ ನೀರಿಟ್ಟು ಪಿಸಿಇಯನ್ನೂ ಹಾಕಿದರೆ ಸುರಿಯಲು ಸುಲಭವಾದೀತು, ಬಲ ಮಾತ್ರ ಹೆಚ್ಚುವುದಿಲ್ಲ. ಸೈಟಿನಲ್ಲಿ ದುಡ್ಡು ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಸಿಮೆಂಟಿನ ತೂಕದ ಶೇ 0.8ರ ಪ್ರಮಾಣದಲ್ಲಿ 50 ಕಿಲೋ ಚೀಲಕ್ಕೆ 400 ಗ್ರಾಂ ಪಿಸಿಇ ದ್ರಾವಣ ಬೀಳುತ್ತದೆ. ಇದು ಟ್ರಯಲ್ ಮಿಕ್ಸ್ (ಪರೀಕ್ಷೆಗೆ ಕಲಸುವ ಸಣ್ಣ ಮಿಶ್ರಣ) ಶುರುಮಾಡಲು ಒಂದು ಅಂಕಿ, ಅಷ್ಟೆ. ಸಿಮೆಂಟು ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಒಣ ಸಿಮೆಂಟಿನ ಮೇಲೆ ನೇರವಾಗಿ ಹಾಕಬೇಡಿ. ಮುಕ್ಕಾಲು ಪಾಲು ನೀರಿನಲ್ಲಿ ಮೊದಲು ಕಲಸಿ, ಉಳಿದ ನೀರಿಗೆ ದ್ರಾವಣ ಬೆರೆಸಿ ಹಾಕಿ, ಇನ್ನೆರಡು ನಿಮಿಷ ಮಿಕ್ಸರ್ ತಿರುಗಿಸಿ. ಜಗ್ಗಿನಲ್ಲಿ ಅಂದಾಜು ಸುರಿಯುವುದು ಬೇಡವೇ ಬೇಡ. ಡೋಸ್ ಮೀರಿದರೆ ಜಲ್ಲಿ ಕೆಳಗೆ ಕೂತು ಮೇಲೆ ಬರೀ ಸಿಮೆಂಟು ಹಾಲು ನಿಲ್ಲುತ್ತದೆ, ಸೆಟ್ಟಿಂಗ್ ಕೂಡ ತಡವಾಗುತ್ತದೆ.

ಪಿಸಿಇಯ ದೊಡ್ಡ ದೌರ್ಬಲ್ಯ ಜೇಡಿಮಣ್ಣು. ಮರಳಿನಲ್ಲಿ ಉಬ್ಬುವ ಜೇಡಿ ಇದ್ದರೆ, ಅದರ ಪದರಗಳು ಪಿಸಿಇಯನ್ನು ಹೀರಿಕೊಂಡು ಸಿಮೆಂಟಿಗೆ ಉಳಿಸುವುದೇ ಇಲ್ಲ. ನಿನ್ನೆ ಹರಿದ ಮಿಕ್ಸ್ ಇಂದು ಅದೇ ಡೋಸಿಗೆ ಬಿಗಿಯಾಯಿತೆಂದರೆ ಮೊದಲು ಮರಳನ್ನು ನೋಡಿ. ಒದ್ದೆ ಅಂಗೈಯಲ್ಲಿ ಉಜ್ಜಿದಾಗ ಜಿಗುಟು ಅಂಟಿದರೆ ಅನುಮಾನ ಅದರ ಮೇಲೆಯೇ. ಮರಳಿನ ತೇವವನ್ನೂ ಕಲಸುವ ನೀರಿನ ಲೆಕ್ಕದಿಂದ ಕಳೆಯಬೇಕು: 700 ಕಿಲೋ ಮರಳಿನ ಮೇಲ್ಮೈ ತೇವ ಶೇ 4 ಇದ್ದರೆ 28 ಲೀಟರ್ ನೀರು ಆಗಲೇ ಒಳಗಿದೆ. ಕಳೆಯದಿದ್ದರೆ, ಉಳಿಸಿದ 40 ಲೀಟರಿನಲ್ಲಿ ಶೇ 70ರಷ್ಟು ಹೀಗೆಯೇ ಮರಳಿ ಬಂದುಬಿಡುತ್ತದೆ.

ಕಂಬಿ ಒತ್ತೊತ್ತಾಗಿರುವ ಕಾಲಂ, ಪಂಪಿನಲ್ಲಿ ಏರಿಸುವ ಸ್ಲ್ಯಾಬ್, ನೀರಿನ ಟ್ಯಾಂಕಿನ ಗೋಡೆ, ಇವಕ್ಕೆ ಧಾರಾಳವಾಗಿ ಶಿಫಾರಸು ಮಾಡಬಹುದು. ನೆಲದ ಬೆಡ್ ಕಾಂಕ್ರೀಟಿಗೆ ಲಿಗ್ನೋಸಲ್ಫೋನೇಟ್ ಎಂಬ ಸಾಮಾನ್ಯ ಪ್ಲಾಸ್ಟಿಸೈಸರ್ ಸಾಕು. ಒಂದು ಎಚ್ಚರಿಕೆ: ನ್ಯಾಫ್ತಲೀನ್ ಬಗೆಯ ಹಳೆಯ ಅಡ್ಮಿಕ್ಸ್ಚರ್ (ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕ) ಇದ್ದ ಡ್ರಮ್ಮು, ಪೈಪುಗಳನ್ನು ಚೆನ್ನಾಗಿ ತೊಳೆಯದೆ ಪಿಸಿಇ ತುಂಬಬೇಡಿ. ಎರಡೂ ಬೆರೆತರೆ ಕಾಂಕ್ರೀಟಿನ ಹರಿವೇ ಕುಂದಿಹೋಗುತ್ತದೆ.