ಕಾಫಿ ಕಣದ ಕಾಂಕ್ರೀಟಿಗೆ ಕಬ್ಬಿಣದ ಜಾಲರಿಯೇ, ಫೈಬರೇ?

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಒಣಗಿಸುವ ಕಣಕ್ಕೆ ಕಾಂಕ್ರೀಟ್ ಹಾಕಿಸುವಾಗ 4 ಇಂಚಿನ ಹಾಸಿನೊಳಗೆ ಕಬ್ಬಿಣದ ಜಾಲರಿ ಇರಲೇಬೇಕೆಂಬುದು ಮೇಸ್ತ್ರಿಗಳ ವಾಡಿಕೆಯ ಮಾತು. ಕಬ್ಬಿಣದ ದರ ಏರಿದಂತೆಲ್ಲ ಅಂಗಡಿಯವರು ಕಾಂಕ್ರೀಟಿಗೆ ಬೆರೆಸುವ ಸಣ್ಣ ಎಳೆಗಳ, ಅಂದರೆ ಫೈಬರಿನ ಪೊಟ್ಟಣವನ್ನು ಮುಂದಿಟ್ಟು, ಸಿಮೆಂಟಿನ ಚೀಲಕ್ಕೊಂದರಂತೆ ಇದನ್ನು ಸುರಿದರೆ ಜಾಲರಿಯ ಗೊಡವೆಯೇ ಬೇಡ ಎನ್ನುತ್ತಾರೆ. ನಮ್ಮ ಕಣವನ್ನು ವಿಸ್ತರಿಸಬೇಕಾಗಿ ಬಂದಾಗ ನಾನು ಈ ಎರಡು ಮಾತುಗಳಲ್ಲಿ ಒಂದನ್ನು ನಂಬುವ ಬದಲು ಹೊಸ ಭಾಗವನ್ನು ನಾಲ್ಕು ಪಟ್ಟಿಗಳಾಗಿ ವಿಂಗಡಿಸಿ, ಒಂದೇ ನೆಲ, ಒಂದೇ ಮಿಶ್ರಣ, ಅದೇ ಕೆಲಸಗಾರರನ್ನು ಇಟ್ಟುಕೊಂಡು ಬೇರೆ ಬೇರೆ ಬಲವರ್ಧನೆಯನ್ನು ಹಾಕಿಸಿದೆ. ಮೊದಲನೆಯದರಲ್ಲಿ 4 ಮಿಲಿಮೀಟರ್ ತಂತಿಯ, 100 ಮಿಲಿಮೀಟರ್ ಚೌಕದ ವೆಲ್ಡ್ ಮೆಶ್, ಅಂದರೆ ಬೆಸೆದ ತಂತಿಯ ಜಾಲರಿ. ಎರಡನೆಯದರಲ್ಲಿ ಕೂದಲಿನಷ್ಟು ತೆಳುವಾದ, 12 ಮಿಲಿಮೀಟರ್ ಉದ್ದದ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಮೈಕ್ರೋ ಫೈಬರ್. ಮೂರನೆಯದರಲ್ಲಿ ಸುಮಾರು 50 ಮಿಲಿಮೀಟರ್ ಉದ್ದದ, ಮೈಮೇಲೆ ಗೀರುಗಳಿರುವ, ಅದೇ ಪ್ಲಾಸ್ಟಿಕ್ಕಿನ ಒರಟು ಮ್ಯಾಕ್ರೋ ಫೈಬರ್. ನಾಲ್ಕನೆಯದರಲ್ಲಿ ಎರಡೂ ತುದಿ ಬಾಗಿಸಿದ, 60 ಮಿಲಿಮೀಟರ್ ಉದ್ದದ ಸ್ಟೀಲ್ ಫೈಬರ್. ಕಾಂಕ್ರೀಟ್ ಎಲ್ಲ ಕಡೆಯೂ ಎಂ25 ದರ್ಜೆಯದು, ಘನ ಮೀಟರಿಗೆ 7 ಚೀಲ ಸಿಮೆಂಟಿನದು.

ಹೋಲಿಕೆಗೆ ಮುನ್ನ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನೆಲದ ಮೇಲೆ ಕೂರುವ ಹಾಸಿನಲ್ಲಿ ಜಾಲರಿಯು ಭಾರವನ್ನು ಹೊರುವುದಿಲ್ಲ. ಭಾರವನ್ನು ಹೊರುವುದು ಕಾಂಕ್ರೀಟಿನ ದಪ್ಪ ಮತ್ತು ಅದರ ಕೆಳಗೆ ಚೆನ್ನಾಗಿ ದಮ್ಮಸು ಮಾಡಿದ ಗ್ರಾವೆಲ್. ಕಾಂಕ್ರೀಟ್ ಒಣಗುತ್ತಾ ಕುಗ್ಗಿ ಬಿರುಕು ಬಿಟ್ಟಾಗ ಆ ಬಿರುಕು ಅಗಲವಾಗದಂತೆ, ಅದರ ಎರಡು ಅಂಚುಗಳು ಮೇಲೆ ಕೆಳಗೆ ಆಗದಂತೆ ಹಿಡಿದಿಡುವುದಷ್ಟೇ ಜಾಲರಿಯ ಕೆಲಸ. ಈ ಕೆಲಸವನ್ನು ಅದು ಮಾಡಬೇಕಾದರೆ ಹಾಸಿನ ಮೇಲಿನ ಮೂರನೇ ಒಂದು ಭಾಗದಲ್ಲಿ ಇರಬೇಕು, ಏಕೆಂದರೆ ಮೇಲ್ಮೈ ಮೊದಲು ಒಣಗುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಜಾಲರಿಯ ಸೋಲು ಇರುವುದೂ ಇಲ್ಲಿಯೇ. ಕವರ್ ಬ್ಲಾಕ್‌ಗಳನ್ನಿಟ್ಟು ಜಾಲರಿಯನ್ನು ಎತ್ತರಿಸಿ ಕಟ್ಟಿದ್ದರೂ, ಬಾಂಡ್ಲಿ ಹೊತ್ತವರು ಅದರ ಮೇಲೆಯೇ ಓಡಾಡಬೇಕಾಗುತ್ತದೆ. ತೆಳುವಾದ ತಂತಿ ಎರಡು ಬ್ಲಾಕ್‌ಗಳ ನಡುವೆ ಬಾಗಿ ನೆಲಕ್ಕೆ ತಾಗುತ್ತದೆ, ಒಮ್ಮೆ ಬಾಗಿದ್ದು ಮತ್ತೆ ಮೇಲೇಳುವುದಿಲ್ಲ. ಮುಂದೆ ಮಳೆನೀರಿನ ಕಾಲುವೆಗಾಗಿ ಆ ಪಟ್ಟಿಯ ಅಂಚನ್ನು ಕತ್ತರಿಸಿದಾಗ ಕಂಡದ್ದೂ ಅದೇ: ಬ್ಲಾಕ್ ಇದ್ದ ಕಡೆ ತಂತಿ ನಡುಮಟ್ಟದಲ್ಲಿತ್ತು, ಉಳಿದ ಕಡೆ ಅಡಿಯ ಪಾಲಿಥೀನ್ ಹಾಳೆಗೆ ಅಂಟಿಕೊಂಡಂತಿತ್ತು. ಅಂಥ ಜಾಲರಿಗೆ ಕೊಟ್ಟ ಹಣ ಮಣ್ಣಿಗೆ ಕೊಟ್ಟಂತೆಯೇ. ತಂತಿಯ ಬದಲು 8 ಮಿಲಿಮೀಟರ್ ಕಂಬಿಯನ್ನು 200 ಮಿಲಿಮೀಟರಿಗೊಂದರಂತೆ ಕಟ್ಟಿದರೆ ಅದು ಅಷ್ಟು ಸುಲಭವಾಗಿ ಬಾಗುವುದಿಲ್ಲ, ನಿಜ. ಆದರೆ ಚದರ ಮೀಟರಿಗೆ 2 ಕಿಲೋ ಇದ್ದ ಕಬ್ಬಿಣ ಸುಮಾರು 4 ಕಿಲೋಗೆ ಏರುತ್ತದೆ, ಬೈಂಡಿಂಗ್ ವೈರ್ ಮತ್ತು ಕಟ್ಟುವ ಕೂಲಿ ಬೇರೆ.

ಮೈಕ್ರೋ ಫೈಬರನ್ನು ಚೀಲಕ್ಕೆ 125 ಗ್ರಾಂ, ಅಂದರೆ ಘನ ಮೀಟರಿಗೆ ಸುಮಾರು 900 ಗ್ರಾಂ ಲೆಕ್ಕದಲ್ಲಿ ಹಾಕಿದೆವು. ಕಾಂಕ್ರೀಟ್ ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ, ಗಾಳಿ ಬಿಸಿಲಿಗೆ ಮೇಲಿನ ನೀರು ಆರಿ ಜೇಡನ ಬಲೆಯಂತೆ ಮೂಡುವ ಸಣ್ಣ ಬಿರುಕುಗಳನ್ನು ತಡೆಯುವುದರಲ್ಲಿ ಇದು ನಾಲ್ಕರಲ್ಲಿಯೂ ಮುಂದಿತ್ತು. ಪಕ್ಕದ ಜಾಲರಿ ಪಟ್ಟಿಯಲ್ಲಿ ಅದೇ ಸಂಜೆ ಅಂಥ ಗೆರೆಗಳು ಕಂಡರೆ ಇಲ್ಲಿ ಒಂದೂ ಕಾಣಲಿಲ್ಲ. ಆದರೆ ಅದರ ಶಕ್ತಿ ಅಲ್ಲಿಗೇ ಮುಗಿಯಿತು. ಉಳಿದ ಕಾಂಕ್ರೀಟಿನಿಂದ 4 ಇಂಚು ಚೌಕ, 2 ಅಡಿ ಉದ್ದದ ತುಂಡುಗಳನ್ನು ಅಚ್ಚು ಹಾಕಿ, 28 ದಿನ ನೀರಿನಲ್ಲಿಟ್ಟು, ಎರಡು ಕಲ್ಲುಗಳ ಮೇಲೆ ಅಡ್ಡವಿಟ್ಟು ಸುತ್ತಿಗೆಯಿಂದ ಹೊಡೆದು ನೋಡಿದಾಗ ಮೈಕ್ರೋ ಫೈಬರಿನ ತುಂಡು ಫೈಬರ್ ಇಲ್ಲದ ತುಂಡಿನಂತೆಯೇ ಟಪ್ಪೆಂದು ಎರಡಾಯಿತು. ಗಟ್ಟಿಯಾದ ಕಾಂಕ್ರೀಟಿನ ಬಿರುಕನ್ನು ಹಿಡಿದಿಡುವ ತಾಕತ್ತು ಅಷ್ಟು ಸಣ್ಣ ಎಳೆಗಳಿಗೆ ಇಲ್ಲ. ಅಂಗಡಿಯಲ್ಲಿ ಜಾಲರಿಗೆ ಬದಲಿ ಎಂದು ಹೆಚ್ಚಾಗಿ ಮಾರುತ್ತಿರುವುದು ಇದನ್ನೇ ಎಂಬುದು ನನ್ನ ತಕರಾರು. ಇದರ ಬೆಲೆ ತೀರಾ ಕಡಿಮೆ, ಉಪಯೋಗವೂ ಇದೆ. ಆದರೆ ಅದು ಜಾಲರಿಯ ಜೊತೆಗೆ ಹಾಕುವ ವಸ್ತುವೇ ಹೊರತು ಜಾಲರಿಯ ಜಾಗಕ್ಕೆ ಬರುವ ವಸ್ತುವಲ್ಲ.

ಮ್ಯಾಕ್ರೋ ಫೈಬರಿನ ತುಂಡು ಬೇರೆಯೇ ರೀತಿ ವರ್ತಿಸಿತು. ಮೊದಲ ಪೆಟ್ಟಿಗೆ ಬಿರುಕು ಬಿಟ್ಟಿತು, ಆದರೆ ಎರಡಾಗಲಿಲ್ಲ. ಬಿರುಕಿನ ಬಾಯಿ ತೆರೆದು ನೋಡಿದರೆ ಬಿಳಿಯ ಎಳೆಗಳು ಈ ದಡದಿಂದ ಆ ದಡಕ್ಕೆ ಬಿಗಿದು ನಿಂತಿದ್ದವು, ಅವುಗಳ ಗೀರುಗಳಲ್ಲಿ ಸಿಮೆಂಟಿನ ಪುಡಿ ಕಚ್ಚಿಕೊಂಡಿತ್ತು. ಇನ್ನೂ ಹಲವು ಪೆಟ್ಟುಗಳಾದ ಮೇಲೆಯೂ ತುಂಡು ಬಾಗಿಲ ತಿರುಗಣಿಯ ಹಾಗೆ ಬಾಗಿತೇ ವಿನಾ ಕಳಚಿ ಬೀಳಲಿಲ್ಲ. ಸ್ಟೀಲ್ ಫೈಬರ್ ಇನ್ನೂ ಗಟ್ಟಿ. ಅದನ್ನು ಬಾಗಿಸುವುದಕ್ಕೇ ಹೆಚ್ಚು ಬಲ ಬೇಕಾಯಿತು, ಕೊನೆಗೆ ಬಿರುಕಿನಿಂದ ಹೊರಬಂದ ಎಳೆಗಳ ಕೊಕ್ಕೆಗಳು ಎಳೆದು ಎಳೆದು ನೇರವಾಗಿದ್ದವು. ಎಳೆ ತುಂಡಾಗುವ ಬದಲು ಹೀಗೆ ನಿಧಾನವಾಗಿ ಜಾರಿ ಬರಬೇಕೆಂದೇ ಅದರ ತುದಿಯನ್ನು ಬಾಗಿಸುವುದು. ಆ ಜಾರುವಿಕೆಯಲ್ಲಿಯೇ ಪೆಟ್ಟಿನ ಬಲವೆಲ್ಲ ಖರ್ಚಾಗುತ್ತದೆ.

ಹಾಗಾದರೆ ಕಣಕ್ಕೆ ಸ್ಟೀಲ್ ಫೈಬರನ್ನೇ ಏಕೆ ಹಾಕಬಾರದು? ಎರಡು ಕಾರಣಗಳಿವೆ. ಒಂದು, ಕಲಸುವ ಕಷ್ಟ: ಚೀಲಕ್ಕೆ ಸುಮಾರು 3 ಕಿಲೋದಂತೆ ಘನ ಮೀಟರಿಗೆ 20 ಕಿಲೋ ಹಾಕಬೇಕಾಗಿದ್ದು, ನಮ್ಮ ಒಂದು ಚೀಲದ ಮಿಕ್ಸರಿಗೆ ಅದನ್ನು ಒಮ್ಮೆಗೇ ಸುರಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಉಂಡೆಗಟ್ಟುತ್ತವೆ. ನೀರಿನಲ್ಲಿ ಕರಗುವ ಅಂಟಿನಿಂದ ಪಟ್ಟಿಯಾಗಿ ಜೋಡಿಸಿದ ಎಳೆಗಳನ್ನು ಕೊಂಡು, ಸ್ವಲ್ಪ ಸ್ವಲ್ಪವಾಗಿ ಉದುರಿಸಿದರೆ ಮಾತ್ರ ಸರಿಹೋಗುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯವಾದ ಕಾರಣ. ಕಣದಲ್ಲಿ ಹೆಂಗಸರು ಬರಿಗಾಲಲ್ಲಿ ಓಡಾಡುತ್ತಾ ಕಾಫಿಯನ್ನು ಎಳೆದು ತಿರುವುತ್ತಾರೆ. ಎಷ್ಟೇ ಚೆನ್ನಾಗಿ ಕರಣೆ ಆಡಿಸಿದರೂ ಅಲ್ಲೊಂದು ಇಲ್ಲೊಂದು ಎಳೆ ಮೇಲ್ಮೈಯಲ್ಲಿ ಉಳಿದೇ ಉಳಿಯುತ್ತದೆ, ಅದು ಕಾಲಿಗೆ ಸೂಜಿಯಂತೆ ಚುಚ್ಚುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಥ ಕಡೆಗಳಲ್ಲೆಲ್ಲ ತುಕ್ಕಿನ ಚುಕ್ಕೆಗಳು ಎದ್ದವು. ಒಳಗಿನ ಎಳೆಗಳಿಗೆ ತುಕ್ಕು ಹಬ್ಬುವುದಿಲ್ಲ, ಕಾಂಕ್ರೀಟ್ ಹಾಸಿಗೂ ಅಪಾಯವಿಲ್ಲ, ಆದರೆ ನೋಟ ಕೆಡುತ್ತದೆ. ಟ್ರ್ಯಾಕ್ಟರ್, ಲಾರಿ ತಿರುಗುವ ಗೋದಾಮಿನ ಮುಂದಿನ ಜಾಗವಾಗಿದ್ದರೆ ನಾನು ಎರಡನೇ ಯೋಚನೆ ಮಾಡದೆ ಸ್ಟೀಲ್ ಫೈಬರನ್ನೇ ಆರಿಸುತ್ತಿದ್ದೆ.

ಮ್ಯಾಕ್ರೋ ಫೈಬರಿಗೂ ತನ್ನದೇ ತೊಂದರೆ ಇದೆ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಆದ್ದರಿಂದ ಕಾಂಕ್ರೀಟ್ ನೀರು ಹೆಚ್ಚಾಗಿ ತೆಳುವಾದರೆ ಎಳೆಗಳು ಮೇಲಕ್ಕೆ ತೇಲಿ ಬರುತ್ತವೆ. ಫೈಬರ್ ಹಾಕಿದ ಕೂಡಲೇ ಮಿಶ್ರಣ ಬಿಗಿಯಾದಂತೆ ಕಾಣುವುದರಿಂದ ಮಿಕ್ಸರಿನವರ ಕೈ ತಾನಾಗಿಯೇ ನೀರಿನ ಕೊಡದ ಕಡೆ ಹೋಗುತ್ತದೆ. ಅದನ್ನು ತಡೆದು, ನೀರು ಹೆಚ್ಚಿಸದೆ ಮಿಶ್ರಣವನ್ನು ಸಡಿಲಗೊಳಿಸುವ ಪ್ಲಾಸ್ಟಿಸೈಜರನ್ನೇ ಬಳಸಬೇಕು. ಮೇಲೆ ಉಳಿದ ಎಳೆಗಳು ಕಾಫಿಯೊಳಗೆ ಸೇರುತ್ತವೆಯೇ ಎಂಬ ಆತಂಕ ನನಗಿತ್ತು. ಹಾಗಾಗಿ ಕ್ಯೂರಿಂಗ್ ಮುಗಿದ ಬಳಿಕ ಗ್ಯಾಸ್ ಬರ್ನರನ್ನು ಮೇಲ್ಮೈಯ ಮೇಲೆ ಬೇಗಬೇಗ ಆಡಿಸಿದೆವು. ಈ ಪ್ಲಾಸ್ಟಿಕ್ಕು 165 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವುದರಿಂದ ತಲೆ ಎತ್ತಿದ್ದ ಎಳೆಗಳು ಸುರುಟಿ ಕರಗಿದವು. ಬಳಿಕ ಗಟ್ಟಿ ಪೊರಕೆಯಿಂದ ಉಜ್ಜಿ ತೊಳೆದು, ಆ ಮೇಲಷ್ಟೇ ಕಾಫಿ ಹರಡಿದೆವು.

ಖರ್ಚಿನ ವಿಷಯದಲ್ಲಿ ದರಗಳು ಊರಿಂದೂರಿಗೆ ಬದಲಾಗುವುದರಿಂದ ತೂಕವನ್ನೇ ಹೇಳುತ್ತೇನೆ. 4 ಇಂಚಿನ ಹಾಸಿನ ಪ್ರತಿ ಚದರ ಮೀಟರಿಗೆ ವೆಲ್ಡ್ ಮೆಶ್ ಸುಮಾರು 2 ಕಿಲೋ, ಒಂದರ ಮೇಲೊಂದು ಬರುವ ಅಂಚುಗಳನ್ನು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಸ್ಟೀಲ್ ಫೈಬರ್ 2 ಕಿಲೋ. ಘನ ಮೀಟರಿಗೆ 3 ಕಿಲೋದಂತೆ ಮ್ಯಾಕ್ರೋ ಫೈಬರ್ 300 ಗ್ರಾಂ. ಮೈಕ್ರೋ ಫೈಬರ್ 90 ಗ್ರಾಂ. ಸ್ಟೀಲ್ ಫೈಬರಿನ ಕಿಲೋ ಬೆಲೆ ಕಂಬಿಗಿಂತ ಹೆಚ್ಚಾದ್ದರಿಂದ ಸಾಮಾನಿನ ಲೆಕ್ಕದಲ್ಲಿ ಅದು ಜಾಲರಿಗಿಂತ ಅಗ್ಗವೇನಲ್ಲ. ಮ್ಯಾಕ್ರೋ ಫೈಬರಿನ ಕಿಲೋಗೆ ಕಂಬಿಯ ನಾಲ್ಕೈದು ಪಟ್ಟು ಕೊಡಬೇಕಾದರೂ ತೂಕ ಕಡಿಮೆಯಿರುವುದರಿಂದ ಸ್ವಲ್ಪ ಉಳಿಯುತ್ತದೆ. ಆದರೆ ದೊಡ್ಡ ಉಳಿತಾಯ ಇರುವುದು ಸಾಮಾನಿನಲ್ಲಿ ಅಲ್ಲ: ಜಾಲರಿ ಸಾಗಿಸುವುದು, ಕತ್ತರಿಸುವುದು, ಬ್ಲಾಕ್ ಇಡುವುದು, ಕಟ್ಟುವುದು ಯಾವುದೂ ಇಲ್ಲದ್ದರಿಂದ ಕೂಲಿ ಉಳಿಯುತ್ತದೆ, ಮತ್ತು ತಳ್ಳುಗಾಡಿಯನ್ನು ನೇರವಾಗಿ ಪಟ್ಟಿಯೊಳಕ್ಕೇ ತಳ್ಳಿಕೊಂಡು ಹೋಗಿ ಸುರಿಯಬಹುದು. ಕಾಫಿ ಕೊಯ್ಲಿನ ಹೊತ್ತಿಗೆ ಆಳು ಸಿಗದ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ.

ಅಡಿಕೆ ಸಿಪ್ಪೆಯ ನಾರು, ತೆಂಗಿನ ನಾರುಗಳನ್ನೇ ಹಾಕಬಾರದೇಕೆ ಎಂದು ಕೇಳುವವರಿದ್ದಾರೆ. ಸಿಮೆಂಟಿನ ಕ್ಷಾರದಲ್ಲಿ ಅಂಥ ನಾರು ಕಾಲಕ್ರಮೇಣ ಶಕ್ತಿ ಕಳೆದುಕೊಳ್ಳುವುದರಿಂದ ನಾನು ಅದರ ಗೋಜಿಗೆ ಹೋಗಲಿಲ್ಲ. ಸಾಮಾನ್ಯ ಗಾಜಿನ ನಾರಿಗೂ ಇದೇ ಗತಿ. ಜಿರ್ಕೋನಿಯಾ ಬೆರೆಸಿದ, ಕ್ಷಾರ ತಡೆಯುವ ಗಾಜಿನ ನಾರನ್ನೇ ಕೊಳ್ಳಬೇಕಾಗುತ್ತದೆ.

ಯಾವುದನ್ನು ಹಾಕಿದರೂ ಜಾಯಿಂಟ್, ಅಂದರೆ ಬಿರುಕು ಬಂದರೆ ಅಲ್ಲಿಯೇ ಬರಲೆಂದು ಹಾಕುವ ಗೀರು, ಕತ್ತರಿಸುವುದು ತಪ್ಪುವುದಿಲ್ಲ. ನಾಲ್ಕೂ ಪಟ್ಟಿಗಳಲ್ಲಿ 3 ಮೀಟರಿಗೊಂದರಂತೆ, ಹಾಸಿನ ದಪ್ಪದ ಕಾಲು ಭಾಗದಷ್ಟು ಆಳಕ್ಕೆ, ಮಾರನೆಯ ದಿನವೇ ಕಟಿಂಗ್ ಮಷೀನಿನಿಂದ ಗೀರು ಹಾಕಿಸಿದ್ದೆವು. ಕುಗ್ಗುವಿಕೆಯ ಬಿರುಕುಗಳು ಬಹುಪಾಲು ಆ ಗೀರುಗಳ ಅಡಿಯಲ್ಲೇ ಬಂದವು. ಗೀರು ತಪ್ಪಿ ಬಂದ ಬಿರುಕುಗಳಲ್ಲಿ ಜಾಲರಿ ಪಟ್ಟಿಯದು ಮತ್ತು ಮೈಕ್ರೋ ಪಟ್ಟಿಯದು ಉಗುರು ಸಿಗುವಷ್ಟು ಅಗಲವಾದವು, ಮ್ಯಾಕ್ರೋ ಮತ್ತು ಸ್ಟೀಲ್ ಪಟ್ಟಿಗಳದ್ದು ನೀರು ಚಿಮುಕಿಸಿದಾಗ ಮಾತ್ರ ಕಾಣುವಷ್ಟು ತೆಳುವಾಗಿ ಉಳಿದವು.

ಕಣದ ಈ ಫಲಿತಾಂಶವನ್ನು ನೋಡಿ ಮನೆಯ ಛಾವಣಿಗೂ ಕಂಬಿ ಬಿಟ್ಟು ಫೈಬರ್ ಹಾಕಿಸಬಹುದೇ ಎಂದು ನೆರೆಯವರೊಬ್ಬರು ಕೇಳಿದರು. ಖಂಡಿತ ಆಗದು. ಛಾವಣಿಯ ಅಡಿಯಲ್ಲಿ ನೆಲದ ಆಸರೆ ಇಲ್ಲ, ಅಲ್ಲಿ ಎಳೆತವನ್ನೆಲ್ಲ ಹೊರುವುದು ಕಂಬಿಯೇ. ಕಬ್ಬಿಣದ ಬಿಗಿತ 200 ಗಿಗಾಪಾಸ್ಕಲ್ ಇದ್ದರೆ ಪಾಲಿಪ್ರೊಪಿಲೀನಿನದು 10ರ ಆಸುಪಾಸು, ಅಲ್ಲದೆ ಸದಾ ಭಾರ ಹೊತ್ತಿದ್ದರೆ ಅದು ವರ್ಷಗಟ್ಟಲೆ ನಿಧಾನವಾಗಿ ಹಿಗ್ಗುತ್ತಲೇ ಇರುತ್ತದೆ. ರಸ್ತೆಯ ಕಾಂಕ್ರೀಟಿಗೆ ಫೈಬರ್ ಬಳಸುವ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಸ್‌ಪಿ 46 ಎಂಬ ಮಾರ್ಗಸೂಚಿಯನ್ನು 2013ರಲ್ಲಿ ಪರಿಷ್ಕರಿಸಿ ಹೊರತಂದಿದೆ, ಅದು ಕೂಡ ನೆಲಕ್ಕೆ ಹಾಸುವ ಕಾಂಕ್ರೀಟಿನ ಮಾತು. ನೆರೆಯವರು ಛಾವಣಿಗೆ ಕಂಬಿಯನ್ನೇ ಕಟ್ಟಿಸಿ, ಮನೆ ಮುಂದಿನ ಅಂಗಳಕ್ಕೆ ಮಾತ್ರ ಮ್ಯಾಕ್ರೋ ಫೈಬರ್ ಹಾಕಿಸಿದರು.