ಮಳೆಗಾಲದಲ್ಲಿ ಕಟ್ಟಿದ ಹೈಬರಿ

ಚಿಕ್ಕಮಗಳೂರಿನಲ್ಲಿ ಕೂತು ಜುಲೈ ತಿಂಗಳಲ್ಲಿ ಫೋಮ್ ಶೀಟಿನ ಸ್ಟೇಡಿಯಂ ತರಿಸುವುದು ಬುದ್ಧಿ ಇರುವವರ ಕೆಲಸ ಅಲ್ಲ. ನಾನು ತರಿಸಿದೆ. ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ತಂಡದ ಹಳೇ ಮೈದಾನ ಹೈಬರಿಯ ಮಾಡೆಲ್. ಬೆಲೆ 1,450 ರೂಪಾಯಿ. ತುಂಡುಗಳನ್ನು ಬಿಡಿಸಿ, ಒಂದಕ್ಕೊಂದು ಸಿಕ್ಕಿಸಿ, ಅಲ್ಲಲ್ಲಿ ಅಂಟು ಹಚ್ಚಿ ನಿಲ್ಲಿಸಬೇಕು. ಡಬ್ಬದ ಮೇಲೆ 2 ಗಂಟೆ ಸಾಕು ಅಂತ ಬರೆದಿದೆ. ನನಗೆ 9 ದಿನ ಹಿಡಿಯಿತು.

ಡಬ್ಬ ಬಂದಾಗಲೇ ಒಂದು ಮೂಲೆ ನೆಂದಿತ್ತು. ತುಂಡುಗಳೆಲ್ಲ ಗಾಳಿಗಿಟ್ಟ ಹಪ್ಪಳದ ಹಾಗೆ ಮೆತ್ತಗೆ. ನಾನು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವವನು, ತೇವ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಆದರೂ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಬಚ್ಚಲಮನೆಯಲ್ಲಿ ಹಂಡೆ ಒಲೆ ಪಕ್ಕದ ಕಟ್ಟೆ ಮೇಲೆ ಹರಡಿದೆ. "ಸ್ನಾನ ಮಾಡೋ ಜಾಗದಲ್ಲಿ ಇದೇನೋ ನಿಂದು, ದಸರಾ ಗೊಂಬೆನಾ?" ಅಂತ ಅಮ್ಮ ಬೈದರು.

ಮೊದಲು ಎದ್ದು ನಿಂತದ್ದು ಪೂರ್ವದ ಸ್ಟ್ಯಾಂಡ್, ಅಂದರೆ ಜನ ಕೂತು ಆಟ ನೋಡುವ ಕಟ್ಟಡ. ಇದಕ್ಕೆ ಪೂರ್ತಿ ಅಂಕ. ಬಿಳಿ ಗೋಡೆ, ಉದ್ದುದ್ದ ಕಿಟಕಿ, ಮೇಲೆ ಕೆಂಪಕ್ಷರದಲ್ಲಿ ಹೆಸರು. ದೂರದಿಂದ ನೋಡಿದರೆ ಯಾವುದೋ ಹಳೇ ಸಿನಿಮಾ ಟಾಕೀಸು ಅನ್ನಬೇಕು, ಹಾಗಿದೆ. ನಿಜವಾದದ್ದು 1936ರಲ್ಲಿ ಕಟ್ಟಿದ್ದು, ಆ ಕಾಲಕ್ಕೇ 1,30,000 ಪೌಂಡ್ ನುಂಗಿತ್ತು. ಎದುರಿನ ಪಶ್ಚಿಮದ ಸ್ಟ್ಯಾಂಡ್ 1932ರದ್ದು. ಅದೇ ವರ್ಷ ಪಕ್ಕದ ರೈಲು ನಿಲ್ದಾಣದ ಹೆಸರನ್ನೂ ಬದಲಿಸಿ ಆರ್ಸೆನಲ್ ಅಂತಲೇ ಇಟ್ಟರು. ತಂಡದ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್ ಹಟ ಹಿಡಿದು ಮಾಡಿಸಿದ ಕೆಲಸ ಅದು. ಎಷ್ಟು ಕ್ಲಬ್ಬಿಗಿದೆ ಈ ಭಾಗ್ಯ?

ಡಬ್ಬದೊಳಗೆ ಚರಿತ್ರೆ ಅಂತ ಒಂದು ಚೀಟಿ ಇಟ್ಟಿದ್ದಾರೆ. 1913ರಲ್ಲಿ ಶುರು, 2006ರಲ್ಲಿ ಮುಚ್ಚಿತು, 38,419 ಜನರಿಗೆ ಜಾಗ. ಮುಗೀತು. ಇಷ್ಟೇ ಬರೆಯುವುದಾದರೆ ಆ ಕಾಗದ ಯಾಕೆ? ಜಾಗ ಒಂದು ಪಾದ್ರಿ ಕಾಲೇಜಿನದ್ದು. 20,000 ಪೌಂಡಿಗೆ 21 ವರ್ಷದ ಗುತ್ತಿಗೆ. ಗುಡ್ ಫ್ರೈಡೇ, ಕ್ರಿಸ್‌ಮಸ್ ದಿನ ಆಡಬಾರದು ಅಂತ ಕರಾರು. 1925ರಲ್ಲಿ ಜಾಗವನ್ನೇ ಕೊಂಡ ಮೇಲೆ ಆ ಕಟ್ಟು ಬಿಟ್ಟಿತು. 1913ರ ಸೆಪ್ಟೆಂಬರ್ 6ರಂದು ಮೊದಲ ಆಟ, ಲೆಸ್ಟರ್ ಫಾಸ್ ತಂಡದ ಮೇಲೆ 2-1 ಗೆಲುವು. ಸ್ಟ್ಯಾಂಡ್ ಇನ್ನೂ ಅರ್ಧಂಬರ್ಧ. ಆರ್ಸೆನಲ್ ಪರ ಮೊದಲ ಗೋಲು ಹೊಡೆದ ಜಾರ್ಜ್ ಜೋಬಿ ಕಾಲು ಉಳುಕಿಸಿಕೊಂಡ. ಅವನನ್ನು ಹಾಲಿನವನ ತಳ್ಳುಗಾಡಿಯಲ್ಲಿ ಮಲಗಿಸಿ ಕರೆದುಕೊಂಡು ಹೋದರು. ಆ ಹಾಲಿನ ಗಾಡಿಯದ್ದೊಂದು ತುಂಡು ಮಾಡಿ ಕೊಟ್ಟಿದ್ದರೆ ಇನ್ನೂ 100 ರೂಪಾಯಿ ಜಾಸ್ತಿ ಕೊಡುತ್ತಿದ್ದೆ.

ಮೈದಾನದಲ್ಲಿದ್ದ ದೊಡ್ಡ ಗಡಿಯಾರಕ್ಕೆ ಸುಮ್ನೆ ಒಂದು ಸ್ಟಿಕ್ಕರ್ ಕೊಟ್ಟಿದ್ದಾರೆ, ಎರಡನೇ ದಿನವೇ ಸುರುಳಿ ಸುತ್ತಿಕೊಂಡಿತು. ಆ ಗಡಿಯಾರವೂ ಚಾಪ್ಮನ್ ತಲೆಯದ್ದೇ. ಮೊದಲು ಅರ್ಧ ಆಟದ 45 ನಿಮಿಷ ಎಣಿಸುವ ಹಾಗೆ ಮಾಡಿಸಿದ್ದರಂತೆ. ಫುಟ್‌ಬಾಲ್ ಸಂಸ್ಥೆಯವರು ಒಪ್ಪದೆ, ಮಾಮೂಲಿ ಗಡಿಯಾರ ಆಯಿತು.

ಇನ್ನು ತಕರಾರಿನ ವಿಷಯ. ಉತ್ತರ, ದಕ್ಷಿಣದ ತುದಿಗಳು ನಿಲ್ಲುವುದೇ ಇಲ್ಲ. ಜೊತೆಗೆ ಕೊಟ್ಟ ಅಂಟು ನೀರು ನೀರು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಎರಡೂ ಅಂಗಾತ. ದಕ್ಷಿಣದ ಚಾವಣಿಯ ಒಂದು ತುಂಡು ಡಬ್ಬದಲ್ಲೇ ಇರಲಿಲ್ಲ. ಮಾರಿದವರಿಗೆ ಬರೆದರೆ, ಅಷ್ಟನ್ನೂ ಬಿಚ್ಚಿ ವಾಪಸ್ ಕಳಿಸಿ ಅಂದರು. ಕಟ್ಟಿದ ಮನೆ ಕೆಡವಿ ಕಳಿಸಲಿಕ್ಕೆ ಆಗುತ್ತಾ?

ನಾಲ್ಕನೇ ಸಲ ಬಿದ್ದಾಗ ನಗು ಬಂತು. ಲಂಡನ್ನಿನಲ್ಲೂ ಆಗಿದ್ದು ಇದೇ ಅಲ್ವಾ! 2006ರ ಮೇ 7ರ ಭಾನುವಾರ ಕೊನೇ ಆಟ. ವಿಗನ್ ತಂಡದ ವಿರುದ್ಧ 4-2 ಗೆಲುವು. ಗೆಳೆಯನ ಮನೆ ಟಿವಿ ಮುಂದೆ ಕೂತು ನೋಡಿದ್ದೆ. ಆರ್ಸೆನಲ್ ಆಟಗಾರ ಥಿಯರಿ ಹೆನ್ರಿ ಪೆನಾಲ್ಟಿಯಲ್ಲಿ ತನ್ನ ಮೂರನೇ ಗೋಲು ಹೊಡೆದು, ಮಂಡಿಯೂರಿ ಹುಲ್ಲಿಗೆ ಮುತ್ತಿಟ್ಟ. ಆಮೇಲೆ ತಂಡ ಹತ್ತಿರದಲ್ಲೇ 60,000 ಜನ ಹಿಡಿಯುವ ಹೊಸ ಸ್ಟೇಡಿಯಂಗೆ ಹೋಯಿತು. ಸುತ್ತ ಮನೆಗಳು, ಪೂರ್ವದ ಗೋಡೆ ಮುಟ್ಟುವ ಹಾಗಿಲ್ಲ ಅಂತ ಕಾನೂನು. ಹಳೇ ಜಾಗ ಹಿಗ್ಗಿಸುವುದು ಹೇಗೆ? ಉತ್ತರ, ದಕ್ಷಿಣದ ತುದಿ ಕೆಡವಿದರು. ಪೂರ್ವ, ಪಶ್ಚಿಮದ ಹೊರಗೋಡೆ ಉಳಿಸಿಕೊಂಡು ಒಳಗೆ ಫ್ಲಾಟ್ ಕಟ್ಟಿದರು. ಹೆನ್ರಿ ಮುತ್ತಿಟ್ಟ ಹುಲ್ಲಿನ ಜಾಗದಲ್ಲಿ ಈಗ ಅಲ್ಲಿನವರ ತೋಟ.

ಹಾಗಾಗಿ ನಾನೂ ಬಿದ್ದ ಎರಡು ತುದಿಗಳನ್ನು ಡಬ್ಬಕ್ಕೆ ಹಾಕಿ ಅಟ್ಟದ ಮೇಲಿಟ್ಟೆ. ಉಳಿದದ್ದು ಟಿವಿ ಪಕ್ಕ ಇದೆ. ನಡುವಿನ ಹಸಿರಿನ ಮೇಲೆ ಮಗಳು ಪ್ಲಾಸ್ಟಿಕ್ ಗಿಡ ಎರಡು ನೆಟ್ಟಿದ್ದಾಳೆ.

ಐದಕ್ಕೆ ಮೂರು ಕೊಡುತ್ತೇನೆ. ಅಂಟು ಪೇಟೆಯಲ್ಲೇ ಬೇರೆ ತಗೊಳ್ಳಿ, ತುಂಡು ಎಣಿಸಿಕೊಂಡು ಶುರು ಮಾಡಿ. ಮಲೆನಾಡಿನವರಾದರೆ ದೀಪಾವಳಿ ಕಳೆದ ಮೇಲೆ ತರಿಸಿ.